ಕಪಾಟಿನಲ್ಲಿ ಉಳಿದ ಹಿಂಬರಹ: ಒಂದು ಕಾನ್ವೆಂಟು, 27 ಅರಣ್ಯ ಹಕ್ಕು ಅರ್ಜಿ

ಶಿರಸಿ ಉಪವಿಭಾಗದ ಕಾಡಂಚಿನಲ್ಲಿ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಕೇರಿ. ಕೇರಿಗೆ ಹತ್ತಿಕೊಂಡೇ ನಾಲ್ವರು ಸಿಸ್ಟರ್‌ಗಳ ಚಿಕ್ಕ ಕಾನ್ವೆಂಟು. ಮೇ 20ಕ್ಕೆ ಅಲ್ಲಿನ ಸುಪೀರಿಯರ್, ಅಂದರೆ ಕಾನ್ವೆಂಟಿನ ಮುಖ್ಯಸ್ಥೆ, ವರ್ಗವಾಗಿ ಹೋದರು. ಜೂನ್ 18ರಂದು ಹೊಸ ಸುಪೀರಿಯರ್ ಹಾಸ್ಟೆಲ್ ಹುಡುಗಿಯೊಬ್ಬಳ ಟಿಸಿ ಹುಡುಕುತ್ತ ಕಬ್ಬಿಣದ ಕಪಾಟಿನ ಕೆಳಖಾನೆ ತೆಗೆದಾಗ ಕಂದು ಲಕೋಟೆಯೊಂದು ಸಿಕ್ಕಿತು. ಒಳಗಿದ್ದದ್ದು ಉಪವಿಭಾಗ ಮಟ್ಟದ ಅರಣ್ಯ ಹಕ್ಕು ಸಮಿತಿಯ ಹಿಂಬರಹ, ಅಂದರೆ ಅರ್ಜಿಗೆ ಕಚೇರಿ ಕೊಟ್ಟ ಲಿಖಿತ ಉತ್ತರ. ತಾರೀಖು ಏಪ್ರಿಲ್ 2. ಅರ್ಜಿದಾರ ಮೃತ, 75 ವರ್ಷದ ದಾಖಲೆ ಇಲ್ಲ, ಆದ್ದರಿಂದ ತಿರಸ್ಕಾರಕ್ಕೆ ಶಿಫಾರಸು ಎಂದಿತ್ತು. ವಿಳಾಸದಲ್ಲಿದ್ದದ್ದೂ ಆ ಮೃತನ ಹೆಸರೇ. ಅವನು ತೀರಿಹೋಗಿ ಎರಡು ಮಳೆಗಾಲ ಕಳೆದಿತ್ತು. ಹೆಂಡತಿ ಕಾನ್ವೆಂಟಿನಿಂದ ಕೂಗಳತೆಯಲ್ಲಿ ಇದ್ದಳು. ಲಕೋಟೆ ಬಂದದ್ದು ಆಕೆಗೆ ಗೊತ್ತೇ ಇರಲಿಲ್ಲ.

ಮೊದಲೇ ಹೇಳಿಬಿಡಬೇಕಾದ ಮಾತು: ಇದು ಒಂದು ಊರಿನ ವರದಿಯಲ್ಲ. ಈ ಭಾಗದಲ್ಲಿ ಇಂಥ ಕೆಲಸ ಹೇಗೆ ಸಾಗುತ್ತದೆ, ಎಲ್ಲಿ ಮುರಿಯುತ್ತದೆ ಎಂದು ತೋರಿಸಲು ಜೋಡಿಸಿದ ಮಾದರಿ ಪ್ರಕರಣ. ಕೇರಿ, ಮನೆಗಳ ಎಣಿಕೆ, ಪತ್ರದ ತಾರೀಖುಗಳು ಮಾದರಿಯವು. ಕಾಯ್ದೆ, ನಿಯಮ, ಗಡುವು ಮಾತ್ರ ಇದ್ದದ್ದು ಇದ್ದಹಾಗೆ.

ನಾಲ್ಕು ಜನ, ಹತ್ತು ಕೆಲಸ

ಕಾನ್ವೆಂಟ್ ಎಂದರೆ ದೊಡ್ಡ ಗೇಟು, ಇಂಗ್ಲಿಷ್ ಶಾಲೆ ಎಂಬ ಕಲ್ಪನೆ ಪೇಟೆಯದು. ನಮ್ಮ ನಾಡಿನಲ್ಲೇ ಹುಟ್ಟಿದ ಕನ್ಯಾಸ್ತ್ರೀ ಸಭೆಗಳ ಜಾಡು ಬೇರೆ. 1887ರಲ್ಲಿ ಮಂಗಳೂರಿನಲ್ಲಿ ಶುರುವಾದ ಉರ್ಸುಲೈನ್ ಫ್ರಾನ್ಸಿಸ್ಕನ್ ಸಭೆಯಾಗಲಿ, 1921ರ ಜುಲೈ 16ರಂದು ಅದೇ ಊರಿನಲ್ಲಿ ಮೊನ್ಸಿಞೊರ್ ರೇಮಂಡ್ ಮಸ್ಕರೇನ್ಹಸ್ ಸ್ಥಾಪಿಸಿದ ಬೆಥನಿ ಸಭೆಯಾಗಲಿ, ಸ್ಥಳೀಯ ಹೆಣ್ಣುಮಕ್ಕಳನ್ನೇ ಸೇರಿಸಿಕೊಂಡು ಬೆಳೆದವು. ಉತ್ತರ ಕನ್ನಡಕ್ಕೆ ಪ್ರತ್ಯೇಕ ಕಾರವಾರ ಧರ್ಮಪ್ರಾಂತ್ಯ ಆದದ್ದು 1976ರಲ್ಲಿ, ಬೆಳಗಾವಿಯಿಂದ ಬೇರ್ಪಟ್ಟು. ಘಟ್ಟದ ಮೇಲಿನ ಒಂದು ಒಳನಾಡಿನ ಕಾನ್ವೆಂಟಿನಲ್ಲಿ ಮೂವರೋ ನಾಲ್ವರೋ ಇರುತ್ತಾರೆ ಅಷ್ಟೆ.

ನಮ್ಮ ಮಾದರಿಯಲ್ಲಿ ಒಬ್ಬರು ಅನುದಾನಿತ ಶಾಲೆಯ ಶಿಕ್ಷಕಿ, ಒಬ್ಬರು ಹಾಸ್ಟೆಲ್ ವಾರ್ಡನ್, ಒಬ್ಬರು ನರ್ಸ್, ನಾಲ್ಕನೆಯವರು ಸುಪೀರಿಯರ್. ಶಿಕ್ಷಕಿಯ ಸಂಬಳವೇ ಮನೆಯ ಮುಖ್ಯ ಆದಾಯ. ವ್ರತ ತೊಟ್ಟವರು ದುಡಿದದ್ದು ಸಭೆಗೆ ಸೇರುತ್ತದೆ, ಅವರ ಸ್ವಂತಕ್ಕಲ್ಲ. ಹಾಗೆಂದು ತೆರಿಗೆ ತಪ್ಪುವುದಿಲ್ಲ: ಅನುದಾನಿತ ಶಾಲೆಯ ಸಿಸ್ಟರ್ ಮತ್ತು ಪಾದ್ರಿಗಳ ಸಂಬಳದಲ್ಲೂ ಟಿಡಿಎಸ್ ಹಿಡಿಯಬೇಕು ಎಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಹೇಳಿದೆ. ವಿದೇಶಿ ದೇಣಿಗೆಯ ದಾರಿಯೂ ಕಿರಿದಾಗಿದೆ. ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆಯ 2020ರ ತಿದ್ದುಪಡಿಯ ನಂತರ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ಕೇರಿಯವರನ್ನು ಯಲ್ಲಾಪುರದಿಂದ ಶಿರಸಿಗೆ ಕರೆದೊಯ್ಯುವ ಬಸ್ ಚಾರ್ಜು, ಜೆರಾಕ್ಸು, ನೋಟರಿ ಖರ್ಚು ಯಾವ ತಲೆಬರಹದಡಿ ಬರೆಯಬೇಕು ಎಂಬುದೇ ಒಂದು ತಲೆನೋವು.

ಇದಕ್ಕಿಂತ ದೊಡ್ಡ ತೊಡಕು ಬೇರೆಯಿದೆ. ಬಿಷಪರು ಒಪ್ಪಿಸಿದ ಕೆಲಸವನ್ನು ಸಭೆ ವಹಿಸಿಕೊಂಡಾಗ ಇಬ್ಬರ ನಡುವೆ ಲಿಖಿತ ಒಪ್ಪಂದ ಆಗಬೇಕು, ಕೆಲಸ ಏನು, ಎಷ್ಟು ಜನ, ಹಣದ ವ್ಯವಸ್ಥೆ ಏನು ಎಂದು ಅದರಲ್ಲಿ ಖಚಿತವಾಗಿ ಬರೆಯಬೇಕು. ಇದು ಕ್ಯಾಥೊಲಿಕ್ ಚರ್ಚಿನ ಆಂತರಿಕ ಕಾನೂನಾದ 1983ರ ಕ್ಯಾನನ್ ಕಾನೂನಿನ 681ನೇ ವಿಧಿ. ಇಂಥ ಒಪ್ಪಂದದಲ್ಲಿ ಶಾಲೆ ಇರುತ್ತದೆ, ಹಾಸ್ಟೆಲ್ ಇರುತ್ತದೆ, ದವಾಖಾನೆ ಇರುತ್ತದೆ. ಜಮೀನಿನ ಕಾಗದ ಇರುವುದಿಲ್ಲ, ಯಾಕೆಂದರೆ ಅದು ಯಾರೂ ಯೋಜಿಸಿ ಶುರುಮಾಡಿದ ಕೆಲಸವಲ್ಲ. ಹಾಸ್ಟೆಲ್ ಹುಡುಗಿಗೆ ಜಾತಿ ಪ್ರಮಾಣಪತ್ರ ಬೇಕಾಯಿತು, ಅದಕ್ಕೆ ಅಪ್ಪನ ದಾಖಲೆ ಬೇಕಾಯಿತು, ಅಪ್ಪನ ಮನೆ ಇರುವುದು ಅರಣ್ಯದ ಸರ್ವೆ ನಂಬರಿನಲ್ಲಿ. ಹೀಗೆ ಒಂದಕ್ಕೊಂದು ತಳಕು ಹಾಕಿಕೊಂಡು ಬೆಳೆದದ್ದು. ಒಪ್ಪಂದದಲ್ಲಿ ಇಲ್ಲದ್ದು ಹಸ್ತಾಂತರದ ಪಟ್ಟಿಯಲ್ಲೂ ಇರಲಿಲ್ಲ. ಸುಪೀರಿಯರ್ ಹೋಗುವಾಗ ಕೀಲಿ, ಪಾಸ್‌ಬುಕ್, ಹಾಸ್ಟೆಲ್ ದಾಸ್ತಾನು, ಚಾಪೆಲಿನ ಪಾತ್ರೆ ಎಲ್ಲವನ್ನೂ ಎಣಿಸಿ ಸಹಿ ಹಾಕಿ ಕೊಟ್ಟರು. 27 ಮನೆಗಳ ಕಡತ ಎಣಿಕೆಗೇ ಬರಲಿಲ್ಲ.

ಮೊದಲ ಸುತ್ತಿನಲ್ಲಿ ಬಿದ್ದದ್ದು ಯಾಕೆ

ಅರಣ್ಯ ಹಕ್ಕು ಕಾಯ್ದೆ, 2006ರ ಪ್ರಕಾರ ಪರಿಶಿಷ್ಟ ಪಂಗಡದ ಕುಟುಂಬ ತೋರಿಸಬೇಕಾದ್ದು ಇಷ್ಟೇ: 2005ರ ಡಿಸೆಂಬರ್ 13ಕ್ಕೆ ಮುಂಚೆಯೇ ಆ ಜಾಗ ನಮ್ಮ ಸ್ವಾಧೀನದಲ್ಲಿತ್ತು, ಅಲ್ಲೇ ಇದ್ದು ಅದರಿಂದಲೇ ಬದುಕುತ್ತಿದ್ದೇವೆ. ಪಂಗಡಕ್ಕೆ ಸೇರದ ಇತರ ಪಾರಂಪರಿಕ ಅರಣ್ಯವಾಸಿ ಮಾತ್ರ ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ರುಜುವಾತು ಮಾಡಬೇಕು. ಜಿಲ್ಲೆಯಲ್ಲಿ ಅತಿಕ್ರಮಣದಾರರೆಂದು ಕರೆಸಿಕೊಳ್ಳುವ ಅಸಂಖ್ಯ ರೈತರು ಮುಗ್ಗರಿಸುವುದು ಈ 75ರ ಮೇಲೆಯೇ. ಸಿದ್ದಿಗಳಿಗೆ ಆ ಹೊರೆ ಇಲ್ಲ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲೇ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದಾರೆ.

ಆದರೂ ಮೊದಲ ಸುತ್ತಿನಲ್ಲಿ ತಿರಸ್ಕೃತವಾದ ಕೇರಿಯ 27ರಲ್ಲಿ 19 ಅರ್ಜಿಗೆ 75 ವರ್ಷದ ದಾಖಲೆ ಕೇಳಲಾಗಿತ್ತು. ಹಕ್ಕಿನ ಅರ್ಜಿಯ ನಮೂನೆ ಎ ತೆಗೆದು ನೋಡಿದರೆ ಕಾರಣ ಕಾಣುತ್ತದೆ. 9ನೇ ಕಲಮಿನಲ್ಲಿ ಎರಡು ಸಾಲು: ಪರಿಶಿಷ್ಟ ಪಂಗಡವೇ, ಇತರ ಪಾರಂಪರಿಕ ಅರಣ್ಯವಾಸಿಯೇ. ಮೊದಲನೆಯದಕ್ಕೆ ಹೌದು ಎಂದರೆ ಪ್ರಮಾಣಪತ್ರ ಲಗತ್ತಿಸಬೇಕು. ಅದು ಕೈಯಲ್ಲಿ ಇಲ್ಲದವರ ಅರ್ಜಿಯಲ್ಲಿ, ಬರೆದುಕೊಟ್ಟವರು ಎರಡನೆಯ ಸಾಲಿಗೆ ಗೀಟು ಹಾಕಿ ಮುಗಿಸಿದ್ದರು. ಒಂದು ಗೀಟಿಗೆ 75 ವರ್ಷ.

ಪ್ರಮಾಣಪತ್ರ ಯಾಕೆ ಇರಲಿಲ್ಲ ಎಂಬುದರ ಬೇರು ಮಾತ್ರ ಕಾನ್ವೆಂಟಿನ ಅಂಗಳದಲ್ಲೇ ಇತ್ತು. ಕೇರಿಯಲ್ಲಿ ಹಿಂದೂ, ಮುಸ್ಲಿಂ, ಕ್ಯಾಥೊಲಿಕ್ ಮೂರೂ ಮತದ ಸಿದ್ದಿಗಳಿದ್ದಾರೆ. ಕ್ಯಾಥೊಲಿಕ್ ಮಕ್ಕಳು ಓದಿದ್ದು ಹೆಚ್ಚಾಗಿ ಮಿಷನ್ ಶಾಲೆಯಲ್ಲಿ. ಹಳೆಯ ದಾಖಲಾತಿ ಪುಸ್ತಕದ ಜಾತಿ ಕಲಮಿನಲ್ಲಿ ದುಂಡಗಿನ ಅಕ್ಷರದಲ್ಲಿ ‘ಕ್ರಿಶ್ಚಿಯನ್’ ಎಂದು ಬರೆದಿದೆ, ‘ಸಿದ್ದಿ’ ಎಂದಿಲ್ಲ. ಟಿಸಿಗೂ ಅದೇ ಇಳಿದಿದೆ. ನಾಡಕಚೇರಿಯಲ್ಲಿ ಟಿಸಿ ನೋಡಿದವರು ಹಿಂದುಳಿದ ವರ್ಗಗಳ 3ಬಿ ಗುಂಪಿಗೆ ಹಾಕಿ ಎನ್ನುತ್ತಾರೆ. ಮತ ಬದಲಾದರೆ ಪರಿಶಿಷ್ಟ ಜಾತಿಯ ಸ್ಥಾನಮಾನ ಹೋಗಬಹುದು, ಆದರೆ ಪರಿಶಿಷ್ಟ ಪಂಗಡಕ್ಕೆ ಮತದ ಕಟ್ಟಿಲ್ಲ. 1950ರ ಆದೇಶದ ಮತದ ಷರತ್ತು ಜಾತಿಗಳ ಪಟ್ಟಿಗೆ ಮಾತ್ರ ಸೇರಿದ್ದು. ಈ ವ್ಯತ್ಯಾಸ ಕೌಂಟರಿನಲ್ಲಿ ಕೂತವರಿಗೆ ಗೊತ್ತಿರಲಿಲ್ಲ. ಪುಸ್ತಕ ಬರೆದ ಸಿಸ್ಟರ್‌ಗೂ ಹಿಂದೊಮ್ಮೆ ಗೊತ್ತಿದ್ದಿರಲಿಕ್ಕಿಲ್ಲ. ಬಡವರ ಸೇವೆಗೆ ಬಂದವರ ಕೈಬರಹವೇ ಬಡವರಿಗೆ ಅಡ್ಡ ನಿಂತಿತ್ತು.

ಬಿಡಿಸಿದ ದಾರಿ ಹೀಗೆ. ಟಿಸಿ ತಿದ್ದಿಸಲು ಹೋಗಲಿಲ್ಲ, ಅದು ವರ್ಷಗಟ್ಟಲೆ ಎಳೆಯುವ ಕೆಲಸ. ಅಪ್ಪನ ಕಡೆಯ ರಕ್ತಸಂಬಂಧಿಗಳಲ್ಲಿ ‘ಸಿದ್ದಿ’ ಎಂದು ಈಗಾಗಲೇ ಪ್ರಮಾಣಪತ್ರ ಪಡೆದವರನ್ನು ಹುಡುಕಿ, ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿ ಎರಡನ್ನೂ ಜೋಡಿಸಿದರು. ಗ್ರಾಮ ಲೆಕ್ಕಿಗರು ಮತ್ತು ಕಂದಾಯ ನಿರೀಕ್ಷಕರು ಸ್ಥಳ ವಿಚಾರಣೆಗೆ ಬರುವ ದಿನ ಕೇರಿಯ ಮೂರೂ ಮತದ ಹಿರಿಯರು ಹಾಜರಿದ್ದು, ಇವರೆಲ್ಲ ನಮ್ಮವರೇ ಎಂದು ಹೇಳಿಕೆ ಕೊಟ್ಟರು. ತಹಶೀಲ್ದಾರರು ನಿರಾಕರಿಸಿದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಇದೆ. ಎರಡು ಮನೆಗೆ ಅದನ್ನೂ ಬಳಸಬೇಕಾಯಿತು.

ಹೆಸರುಗಳದ್ದು ಇನ್ನೊಂದು ಪಾಡು. ಒಬ್ಬನೇ ಮನುಷ್ಯ ದೀಕ್ಷಾಸ್ನಾನದ ಪುಸ್ತಕದಲ್ಲಿ ಸೆಬಾಸ್ಟಿಯನ್, ರೇಷನ್ ಕಾರ್ಡಿನಲ್ಲಿ ಬಸ್ತ್ಯಾಂವ, ಆಧಾರಿನಲ್ಲಿ ಬಸ್ತವ. ಮೂರೂ ಒಂದೇ ಎಂದು ಕೇರಿಯಲ್ಲಿ ಎಲ್ಲರಿಗೂ ಗೊತ್ತು, ಕಡತಕ್ಕೆ ಮೂವರು ಬೇರೆ ಬೇರೆ. ಪ್ರತಿ ಅರ್ಜಿಗೆ ಒಂದು ನೋಟರಿ ಅಫಿಡವಿಟ್ ಮಾಡಿಸಿ, ಅದರಲ್ಲಿ ಎಲ್ಲ ರೂಪಗಳನ್ನೂ ದಾಖಲೆಯ ನಂಬರಿನೊಂದಿಗೆ ಬರೆಸುವುದು ಒಳ್ಳೆಯದು. ‘ಮುಂತಾಗಿ’ ಎಂದು ಬರೆಸಿದರೆ ಪ್ರಯೋಜನವಿಲ್ಲ.

ಉಳಿದ 8 ಅರ್ಜಿ ಬಿದ್ದದ್ದು ಅರಣ್ಯ ಇಲಾಖೆಯವರ ಸಹಿ ಇಲ್ಲದ್ದಕ್ಕೆ. ಸ್ಥಳ ಪರಿಶೀಲನೆಗೆ ಅರಣ್ಯ ಮತ್ತು ಕಂದಾಯ ಸಿಬ್ಬಂದಿ ಹಾಜರಿದ್ದು, ಹುದ್ದೆ, ತಾರೀಖು, ಅಭಿಪ್ರಾಯ ಬರೆದು ಸಹಿ ಮಾಡಬೇಕು ಎನ್ನುತ್ತದೆ ಅರಣ್ಯ ಹಕ್ಕು ಕಾಯ್ದೆಯಡಿಯ ನಿಯಮ 12ಎ. ಅವರು ಬರದೆ ಹೋಗಿ, ಆಮೇಲೆ ಗೈರಿನ ಕಾರಣ ಹೇಳಿ ಆಕ್ಷೇಪಿಸಿದರೆ ಅರ್ಜಿ ಮರುಪರಿಶೀಲನೆಗೆ ಗ್ರಾಮಸಭೆಗೆ ವಾಪಸಾಗಬೇಕೇ ಹೊರತು ತಿರಸ್ಕಾರವಾಗಬಾರದು. ಆದರೆ ಗಾರ್ಡಿಗೆ ತಿಳುವಳಿಕೆ ಕೊಟ್ಟಿದ್ದೆವು ಎಂದು ತೋರಿಸುವ ಕಾಗದ ಊರಿನ ಅರಣ್ಯ ಹಕ್ಕು ಸಮಿತಿಯ ಬಳಿ ಇರಲಿಲ್ಲ. ಬಾಯಿಮಾತಿನಲ್ಲಿ ಹೇಳಿದ್ದರು. ಎರಡನೇ ಸುತ್ತಿನಲ್ಲಿ ಪತ್ರದ ಎರಡು ಪ್ರತಿ ಒಯ್ದು, ಒಂದರ ಮೇಲೆ ಇನ್‌ವರ್ಡ್ ಸೀಲು ಹಾಕಿಸಿಕೊಂಡು ಬಂದರು. ಇಡೀ ಪ್ರಕರಣದಲ್ಲಿ ಇದಕ್ಕಿಂತ ಅಗ್ಗದ ರಕ್ಷಣೆ ಇನ್ನೊಂದಿಲ್ಲ.

ಈ ಎರಡನೇ ಸುತ್ತು ಸಾಧ್ಯವಾದದ್ದಕ್ಕೂ ಒಂದು ಹಿನ್ನೆಲೆಯಿದೆ. ತಿರಸ್ಕೃತರನ್ನು ತೆರವು ಮಾಡಿ ಎಂಬರ್ಥದ ಸುಪ್ರೀಂ ಕೋರ್ಟ್ ಆದೇಶ 2019ರ ಫೆಬ್ರುವರಿ 13ರಂದು ಬಂದು, ಅದೇ ತಿಂಗಳ 28ಕ್ಕೆ ತಡೆಯಾಯಿತು. ಅಲ್ಲಿಂದಾಚೆಗೇ ಹಳೆಯ ತಿರಸ್ಕಾರಗಳ ಮರುಪರಿಶೀಲನೆ ಬಿರುಸಾದದ್ದು.

ಕೋರಂ, ಕೊನೆಕೊಯ್ಲು, ಭಾನುವಾರ

ಗ್ರಾಮಸಭೆಗೆ ಸದಸ್ಯರಲ್ಲಿ ಅರ್ಧದಷ್ಟು ಜನ ಬೇಕು. ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಹಕ್ಕಿನ ಅರ್ಜಿಗಳ ಮೇಲೆ ಠರಾವು ಮಾಡುವಾಗ ಅರ್ಜಿದಾರರಲ್ಲಿ ಅಥವಾ ಅವರ ಪ್ರತಿನಿಧಿಗಳಲ್ಲಿ ಅರ್ಧದಷ್ಟಾದರೂ ಇರಬೇಕು. 180 ಮತದಾರರ ಊರಿಗೆ 90 ತಲೆ. ಮೊದಲ ಸಭೆಗೆ ಬಂದದ್ದು 61. ಕರೆದದ್ದು ಅಡಿಕೆ ಕೊನೆಕೊಯ್ಲಿನ ಕಾಲದಲ್ಲಿ, ವಾರದ ಮಧ್ಯೆ, ಬೆಳಿಗ್ಗೆ 11ಕ್ಕೆ. ಗಂಡಸರು ಮರದ ಮೇಲೆ, ಹೆಂಗಸರು ಅಡಿಕೆ ಸುಲಿಯುವ ಚಪ್ಪರದಲ್ಲಿ. ಆ ದಿನದ ಕೂಲಿ ಬಿಟ್ಟು ಬರುವವರು ಯಾರು?

ಮುಂದಿನದ್ದನ್ನು ಭಾನುವಾರ ಪೂಜೆ ಮುಗಿದ ಮೇಲೆ ಕಾನ್ವೆಂಟಿನ ಜಗಲಿಯಲ್ಲಿ ಇಟ್ಟರು. ಕ್ಯಾಥೊಲಿಕರು ತುಂಬಿದರು, ಉಳಿದವರು ಬರಲಿಲ್ಲ. ಮೇಲಿಂದ ಇದು ಇಗರ್ಜಿಯವರ ಸಭೆ, ಜಾಗದ ಆಸೆ ತೋರಿಸಿ ಮತಾಂತರ ಮಾಡುತ್ತಾರೆ ಎಂಬ ಗುಲ್ಲೂ ಎದ್ದಿತು. ಸದುದ್ದೇಶ ಎಡವುವುದು ಇಂಥ ಸಣ್ಣ ಅನುಕೂಲಗಳಲ್ಲಿ. ಮೂರನೇ ಸಲ ಸರ್ಕಾರಿ ಶಾಲೆಯ ಅಂಗಳ, ಸಂಜೆ 5 ಗಂಟೆ, ಕರೆದವರು ಪಂಚಾಯ್ತಿಯವರು. ಸಿಸ್ಟರ್‌ಗಳು ಹಿಂದಿನ ಸಾಲಿನಲ್ಲಿ ಕೂತರು. 97 ಜನ ಬಂದರು, ಅವರಲ್ಲಿ 44 ಹೆಂಗಸರು. ಬಂದವರ ಸಹಿಯ ಜೊತೆ ಆಧಾರ್ ಸಂಖ್ಯೆಯನ್ನೂ ಬರೆಸಬೇಕೆಂದು ಯಾರೋ ಹೇಳಿದ್ದಕ್ಕೆ ಅರ್ಧ ಗಂಟೆ ಹಾಳಾಯಿತು. ಅದು ಬೇಕಿಲ್ಲ, ಹೆಸರು ಮತ್ತು ಸಹಿ ಅಥವಾ ಹೆಬ್ಬೆಟ್ಟು ಸಾಕಿತ್ತು.

77ನೇ ದಿನ

ಮತ್ತೆ ಆ ಕಂದು ಲಕೋಟೆಗೆ ಬರೋಣ. 26 ಅರ್ಜಿ ಶಿರಸಿಯ ಉಪವಿಭಾಗ ಸಮಿತಿ ದಾಟಿ ಕಾರವಾರದ ಜಿಲ್ಲಾ ಸಮಿತಿಗೆ ಹೋಗಿದ್ದವು. ಉಳಿದದ್ದು ಈ ವಿಧವೆಯದೊಂದೇ. ನಮೂನೆಯ 2ನೇ ಕಲಂ ಪತಿ ಅಥವಾ ಪತ್ನಿಯ ಹೆಸರಿಗೆ ಮೀಸಲು, ಅದು ಖಾಲಿ ಇತ್ತು. ಹಕ್ಕುಪತ್ರ ಗಂಡ-ಹೆಂಡಿರ ಜಂಟಿ ಹೆಸರಿನಲ್ಲೇ ಆಗಬೇಕೆಂದು ಕಾಯ್ದೆ ಹೇಳಿದರೂ ಅರ್ಜಿ ಬರೆದವರು ಗಂಡಸಿನ ಹೆಸರಿಗೇ ನಿಲ್ಲಿಸಿದ್ದರು. ಅವನು ಸತ್ತಾಗ ಅರ್ಜಿಯೂ ಅನಾಥವಾಯಿತು. ಸಾಲದ್ದಕ್ಕೆ ಅದೇ ತಪ್ಪು ಗೀಟು ಇಲ್ಲೂ ಇತ್ತು.

ಮೇಲಿನ ಸಮಿತಿಗೆ ಹೋಗಲು ಗಡುವು 60 ದಿನ. ಏಪ್ರಿಲ್ 2ರಿಂದ ಎಣಿಸಿದರೆ ಜೂನ್ 1ಕ್ಕೆ ಮುಗಿಯಿತು. ಲಕೋಟೆ ಸಿಕ್ಕಿದ್ದು 77ನೇ ದಿನ. ಹೊಸ ಸುಪೀರಿಯರ್ ಕೈಚೆಲ್ಲಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಿಯಮ 12ಎ ಇನ್ನೆರಡು ಮಾತು ಹೇಳುತ್ತದೆ. ತಿರಸ್ಕಾರದ ನಿರ್ಧಾರವನ್ನಾಗಲಿ ಶಿಫಾರಸನ್ನಾಗಲಿ ಅರ್ಜಿದಾರರಿಗೆ ಖುದ್ದಾಗಿ ತಿಳಿಸಬೇಕು. 60 ದಿನದ ಮೇಲೆ ಸಮಿತಿ ತನ್ನ ವಿವೇಚನೆಯಿಂದ ಇನ್ನೂ 30 ದಿನ ಕೊಡಬಹುದು. ಕಟ್ಟುನಿಟ್ಟಾಗಿ ಹಿಡಿದರೂ ಜುಲೈ 1ರವರೆಗೆ, ಅಂದರೆ 13 ದಿನ ಉಳಿದಿತ್ತು.

ಅದರಲ್ಲಿ ಹೆಚ್ಚಿನದು ಮೂರು ಕಾಗದಕ್ಕೆ ಹೋಯಿತು: ಮರಣ ಪ್ರಮಾಣಪತ್ರ, ವಂಶವೃಕ್ಷ, ಆಕೆಯ ಹೆಸರಿನ ಪಂಗಡದ ಪ್ರಮಾಣಪತ್ರದ ದೃಢೀಕೃತ ಪ್ರತಿ. ಮನವಿ ಒಂದೂವರೆ ಪುಟ. ಮೊದಲ ಪ್ಯಾರಾದಲ್ಲೇ ಖುದ್ದಾಗಿ ತಿಳಿಸಿಲ್ಲ ಎಂಬ ಅಂಶ, ಲಕೋಟೆ ಯಾರ ವಿಳಾಸಕ್ಕೆ ಹೇಗೆ ಬಂತು ಎಂಬ ವಿವರ, ಹೆಚ್ಚುವರಿ 30 ದಿನದ ಕೋರಿಕೆ. ಎರಡನೆಯದರಲ್ಲಿ 75 ವರ್ಷದ ಷರತ್ತು ಯಾಕೆ ಅನ್ವಯಿಸದು ಎಂಬುದು. ಮೂರನೆಯದರಲ್ಲಿ ಪುರಾವೆ. ನಿಯಮ 13ರಲ್ಲಿ ಹೇಳಿದ ಪುರಾವೆಗಳಲ್ಲಿ ಒಂದಕ್ಕಿಂತ ಹೆಚ್ಚು ಇರಬೇಕು. ಇಂಥದ್ದೇ ದಾಖಲೆ ತನ್ನಿ ಎಂದು ಸಮಿತಿ ಪಟ್ಟು ಹಿಡಿಯುವಂತಿಲ್ಲ.

ಪುರಾವೆಯಲ್ಲಿ ಗಟ್ಟಿಯಾಗಿ ನಿಂತದ್ದು ಅರಣ್ಯ ಇಲಾಖೆಯೇ 2001ರಲ್ಲಿ ಹಾಕಿದ ದಂಡದ ರಸೀದಿ. ಅತಿಕ್ರಮಣವೆಂದು ಕಟ್ಟಿಸಿಕೊಂಡ ದಂಡವೇ 2005ಕ್ಕೆ ಮುಂಚೆ ಅಲ್ಲಿದ್ದರು ಎಂಬುದಕ್ಕೆ ಸಾಕ್ಷಿ. ಅದನ್ನು ಆಕೆ ಗಂಡನ ಜಪಮಾಲೆಯ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಳೆಯ ಕವದಿಯ ಪದರದೊಳಗೆ ಹೊಲಿದಿಟ್ಟಿದ್ದಳು. ಸೋರುವ ಮನೆಯಲ್ಲಿ ಕಾಗದಕ್ಕೆ ಕವದಿಗಿಂತ ಒಳ್ಳೆಯ ಕಪಾಟಿಲ್ಲ. ಎರಡನೆಯದು ಕೈಯಿಂದ ತೋಡಿದ ಬಾವಿ, ಮಟ್ಟಮಾಡಿದ ಗದ್ದೆ ಮತ್ತು ಅದರ ಬದು, ಫೋಟೊ ಸಮೇತ. ಮೂರನೆಯದು ಹಿರಿಯರ ಹೇಳಿಕೆ. ಅರ್ಜಿದಾರರಲ್ಲದವರು ಕೊಡಬೇಕು ಎಂಬುದು ಇಲ್ಲಿ ಕಗ್ಗಂಟು, ಕೇರಿಯಲ್ಲಿ ಅರ್ಜಿ ಹಾಕದ ಮನೆಯೇ ಇಲ್ಲ. ಆಕೆ ಕೆಲಸಕ್ಕೆ ಹೋಗುವ ತೋಟದ ಒಡೆಯರು, ವಯಸ್ಸು 80 ದಾಟಿದವರು, ಬರೆದು ಕೊಟ್ಟರು. ಮೊದಲು ಹಿಂಜರಿದಿದ್ದರು. ಅರಣ್ಯದವರ ಕಣ್ಣು ತಮ್ಮ ತೋಟದ ಸೊಪ್ಪಿನ ಬೆಟ್ಟದ ಮೇಲೂ ಬಿದ್ದೀತು ಎಂಬ ಅಳುಕು. ಇಗರ್ಜಿಯ ದೀಕ್ಷಾಸ್ನಾನದ ನಕಲನ್ನೂ ಸೇರಿಸಿದರು, ಆದರೆ ಅದನ್ನು ಪೋಷಕ ದಾಖಲೆಯಾಗಿ ಕೊನೆಗೆ ಇಟ್ಟರು. ಅದನ್ನೇ ಮುಂದಿಟ್ಟರೆ ವಾದ ಜಾಗ ಬಿಟ್ಟು ಮತದ ಕಡೆ ಜಾರುತ್ತದೆ.

ಜೂನ್ 29ಕ್ಕೆ ಆಕೆ, ಕೇರಿಯ ಮಹಿಳಾ ಸಂಘದ ಇಬ್ಬರು ಹೆಂಗಸರು ಅರಬೈಲ್ ಘಟ್ಟ ಇಳಿದು, ಅಂಕೋಲೆ ದಾಟಿ ಕಾರವಾರ ಸೇರಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸೀಲು ಹಾಕಿಸಿಕೊಂಡು ಬಂದರು. ಸಿಸ್ಟರ್ ಜೊತೆಗೆ ಹೋಗಲಿಲ್ಲ. ಅಂದು ಹಾಸ್ಟೆಲಿನಲ್ಲಿ ಇಬ್ಬರಿಗೆ ಜ್ವರ. ಮಳೆಗಾಲದ ಆ ಜ್ವರ ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು ಎನ್ನಬೇಕು.

20 ಗುಂಟೆ ಎಷ್ಟು

ಜಿಲ್ಲಾ ಸಮಿತಿ ಅರ್ಜಿಯನ್ನು ಮರುಪರಿಶೀಲನೆಗೆ ಕಳಿಸಿತು. ಅಳತೆಯಲ್ಲಿ ಹೊಸ ತಕರಾರು ಎದ್ದಿತು. ಅರ್ಜಿಯಲ್ಲಿದ್ದದ್ದು 20 ಗುಂಟೆ, ಜಿಪಿಎಸ್ ತೋರಿಸಿದ್ದು 16. ದಟ್ಟ ಮರಗಳ ಕೆಳಗೆ ಕೈಯಲ್ಲಿ ಹಿಡಿಯುವ ಯಂತ್ರ 5 ಮೀಟರ್ ಆಚೀಚೆ ಆಗುವುದು ಮಾಮೂಲು. 20 ಗುಂಟೆ ಎಂದರೆ ಸುಮಾರು 45 ಮೀಟರ್ ಚೌಕ. ಪ್ರತಿ ಬದಿ 5 ಮೀಟರ್ ಕಡಿಮೆಯಾದರೆ 40 ಚೌಕ, 1,600 ಚದರ ಮೀಟರ್, ಹದಿನಾರು ಗುಂಟೆಗೂ ಕಮ್ಮಿ. ಹೆಚ್ಚಾದರೆ 24 ದಾಟುತ್ತದೆ. ದೊಡ್ಡ ಹಿಡುವಳಿಗೆ ಈ ದೋಷ ತಟ್ಟದು. ಚಿಕ್ಕ ತುಂಡಿನವರಿಗೆ ಒಂದು ಗದ್ದೆಯೇ ಹೋಗುತ್ತದೆ.

ಆಕೆ ಪಂಚನಾಮೆಗೆ ಸಹಿ ಹಾಕಲಿಲ್ಲ. ಮಳೆ ನಿಂತ ಮೇಲೆ ಎರಡನೇ ಸಲ, ಮೂಲೆಗಳಿಗೆ ಕಲ್ಲು ನೆಟ್ಟು, ಒಂದೊಂದು ಮೂಲೆಯಲ್ಲೂ ಯಂತ್ರವನ್ನು ಕೆಲವು ನಿಮಿಷ ಬಿಟ್ಟು, ಮೇಲಿಂದ ಟೇಪು ಹಿಡಿದು ಅಳೆದರು. 19 ಗುಂಟೆ ಬಂತು. ಬಾವಿ ಒಳಗೇ ಉಳಿಯಿತು. ಗಂಡನನ್ನು ಮಣ್ಣು ಮಾಡಿದ ಜಾಗ ಹೊರಗೆ ಬಿತ್ತು, ಅದಕ್ಕೆ ಸಾಮುದಾಯಿಕ ಹಕ್ಕಿನ ಅರ್ಜಿ ಬೇರೆಯೇ ಹಾಕಬೇಕು.

ಟ್ರಂಕು

ಕಾನ್ವೆಂಟಿನಲ್ಲಿ ಈಗ ಬದಲಾದದ್ದು ಎರಡು. ಹಸ್ತಾಂತರದ ಪಟ್ಟಿಗೆ ಒಂದು ಸಾಲು ಸೇರಿತು, ಬಾಕಿ ಕಡತಗಳು ಮತ್ತು ಅವುಗಳ ಗಡುವು ಎಂದು. ಹೋಗುವವರೂ ಬರುವವರೂ ಹತ್ತು ದಿನವಾದರೂ ಒಟ್ಟಿಗಿರಬೇಕೆಂಬ ಕೋರಿಕೆ ಸಭೆಯ ಪ್ರಾಂತೀಯ ಮುಖ್ಯಸ್ಥೆಯಾದ ಪ್ರೊವಿನ್ಶಿಯಲ್‌ಗೆ ಹೋಗಿದೆ. ಅದು ಮಂಜೂರಾಗುವುದು ಕಷ್ಟ. ವರ್ಗಾವಣೆ ಶಾಲೆ ಶುರುವಾಗುವ ಮುಂಚೆ ಎಲ್ಲ ಕಡೆ ಒಮ್ಮೆಗೇ ನಡೆಯುತ್ತದೆ, ಒಬ್ಬರು ಕದಲದೆ ಇನ್ನೊಬ್ಬರು ಬರುವಂತಿಲ್ಲ. ವಿಧೇಯತೆಯ ವ್ರತದ ಶಿಸ್ತು ಒಂದು ಕಡೆ, 60 ದಿನದ ಗಡುವು ಇನ್ನೊಂದು ಕಡೆ. ಇವೆರಡಕ್ಕೆ ಹೊಂದಿಕೆ ಮಾಡುವ ಹೊಣೆಯನ್ನು ಒಬ್ಬ ಸುಪೀರಿಯರ್ ಹೆಗಲಿಗೆ ಹಾಕುವುದು ತಪ್ಪು.

ಆದ್ದರಿಂದ ಕಡತಗಳೇ ಕಾನ್ವೆಂಟಿನಿಂದ ಹೊರಬಂದವು. ಮೂಲ ಪ್ರತಿ ಅರ್ಜಿದಾರರ ಮನೆಯಲ್ಲಿ, ಒಂದು ಜೆರಾಕ್ಸು ಸಂಘದ ಟ್ರಂಕಿನಲ್ಲಿ, ಇನ್ನೊಂದು ಅರಣ್ಯ ಹಕ್ಕು ಸಮಿತಿಯ ಕಾರ್ಯದರ್ಶಿಯ ಬಳಿ. ಟ್ರಂಕಿನೊಳಗೆ ಬೇವಿನ ಸೊಪ್ಪು, ಸುತ್ತ ಟಾರ್ಪಾಲು, ಮಳೆಗಾಲಕ್ಕೆ ಅಟ್ಟದ ಮೇಲೆ. ರಿಜಿಸ್ಟರಿನಲ್ಲಿ ಐದು ಕಲಂ: ಹೆಸರು, ಪತ್ರದ ತಾರೀಖು, ಕೈಸೇರಿದ ತಾರೀಖು, 60ನೇ ದಿನ ಯಾವುದು, ಯಾರು ಹೋಗುತ್ತಾರೆ. ಹೆಂಗಸರು ಬುಧವಾರ ಸಂಜೆ ಕವದಿ ಹೊಲಿಯಲು ಕೂತಾಗ ಹೈಸ್ಕೂಲು ಓದುವ ಹುಡುಗಿಯೊಬ್ಬಳು ಅದನ್ನು ಗಟ್ಟಿಯಾಗಿ ಓದುತ್ತಾಳೆ. ಸಂಘದ ಸಾಲದ ಲೆಕ್ಕ ಓದುವ ಹೊತ್ತೂ ಅದೇ ಆದದ್ದರಿಂದ ಯಾರೂ ತಪ್ಪಿಸಿಕೊಳ್ಳುವುದಿಲ್ಲ.

ವಿಧವೆಯ ಅರ್ಜಿ ಈಗ ಆಕೆಯೊಬ್ಬಳ ಹೆಸರಿನಲ್ಲಿ, ಮಕ್ಕಳ ಹೆಸರು 10ನೇ ಕಲಮಿನಲ್ಲಿ, 19 ಗುಂಟೆಯ ನಕ್ಷೆಯೊಂದಿಗೆ ಕಾರವಾರದಲ್ಲಿದೆ. ಕೈಸೇರಿದ ತಾರೀಖಿನ ಕಲಂ ಖಾಲಿ ಇದೆ. ಮುಂದಿನ ಮೇ ತಿಂಗಳಲ್ಲಿ ಕಾನ್ವೆಂಟಿನಿಂದ ನರ್ಸ್ ಸಿಸ್ಟರ್ ಹೋಗುತ್ತಾರೆ, ಅವರ ಜಾಗಕ್ಕೆ ಸದ್ಯ ಯಾರೂ ಇಲ್ಲ.